ಬೈಕುಲ್ಲಾದ ಮದುವಣಗಿತ್ತಿ ಮತ್ತು ಒಂದು ಉಪಪ್ರಶ್ನೆ

ಮಂತ್ರಿಗಳ ಎದುರು ಶಾಸಕನಾಗಿ ನಿಂತು ಪ್ರಶ್ನೆ ಕೇಳಿದಾಗ ನನಗೆ ಇಪ್ಪತ್ತಮೂರು ವರ್ಷ. ಯಾವ ಕ್ಷೇತ್ರದವರೂ ನನ್ನನ್ನು ಆರಿಸಿರಲಿಲ್ಲ. ಆರಿಸಿದವರು ನಮ್ಮ ಖಾತೆಯ ಅಂಡರ್ ಸೆಕ್ರೆಟರಿ ಸಾಹೇಬರು, ಅದೂ ಶಿಕ್ಷೆಯ ರೂಪದಲ್ಲಿ.

ಬಿಜಾಪುರ, ಧಾರವಾಡ, ಬೆಳಗಾವಿ ಇನ್ನೂ ಮುಂಬಯಿ ರಾಜ್ಯಕ್ಕೇ ಸೇರಿದ್ದ ಕಾಲ. ಸಣ್ಣ ಊರುಗಳಿಗೆ ವಿದ್ಯುತ್ ಒದಗಿಸುವ ಕಡತಗಳು ಬರುತ್ತಿದ್ದ ವಿಭಾಗದಲ್ಲಿ ನಾನು ಹಂಗಾಮಿ ಗುಮಾಸ್ತ. ಬಂದ ಕಾಗದವನ್ನು ಆವಕ ರಿಜಿಸ್ಟರಿನಲ್ಲಿ ಬರೆದು, ನಂಬರು ಹಾಕಿ, ಅದರದರ ಕಡತಕ್ಕೆ ಸೇರಿಸಿ ಮೇಲಕ್ಕೆ ಕಳಿಸುವುದು ಕೆಲಸ. ಚಹದ ಹೊತ್ತಿಗೆ ಇನ್ನೊಂದು ಕೆಲಸವಿತ್ತು, ಅದಕ್ಕೆ ಸರ್ಕಾರ ನನ್ನನ್ನು ನೇಮಿಸಿರಲಿಲ್ಲ: ಕಚೇರಿಯಲ್ಲಿ ಇದ್ದವರೆಲ್ಲರ ದನಿ ತೆಗೆಯುವುದು. ನಮ್ಮ ಸೂಪರಿಂಟೆಂಡೆಂಟರು ಕಾರವಾರದ ಕಡೆಯವರು. ಅವರು ನಶ್ಯ ಏರಿಸಿ ಸೀನು ಬರುವ ತನಕ ಕಾಯುವ ಪರಿ ನನಗೆ ಬಾಯಿಪಾಠ. ನನ್ನ ದನಿಯನ್ನೂ ಬಿಟ್ಟಿರಲಿಲ್ಲ. ಧಾರವಾಡದ ಹುಡುಗ ಮೊದಲ ಸಲ ಲೋಕಲ್ ಹತ್ತಿ, ಇಳಿಯಬೇಕಾದ ಸ್ಟೇಶನ್ನಿನಲ್ಲಿ ಇಳಿಯಲಾಗದೆ ಮೂರು ಸ್ಟೇಶನ್ ಮುಂದೆ ಹೋದದ್ದು ನನ್ನ ಜನಪ್ರಿಯ ಐಟಂ.

ಒಂದು ದಿನ ಕಾರಿಡಾರಿನಲ್ಲಿ ಅಂಡರ್ ಸೆಕ್ರೆಟರಿಯವರನ್ನು ಆಡಿ ತೋರಿಸುತ್ತಿದ್ದೆ. ನಗುತ್ತಿದ್ದವರು ಒಮ್ಮೆಗೇ ಸುಮ್ಮನಾದರು. ನಾನು ಅದನ್ನು ಕಲೆಯ ಮೇಲಿನ ಗೌರವ ಎಂದುಕೊಂಡು ಇನ್ನೆರಡು ವಾಕ್ಯ ಮುಂದುವರಿಸಿದೆ. ತಿರುಗಿ ನೋಡಿದರೆ ಮೂಲಪ್ರತಿ ಹಿಂದೆಯೇ ನಿಂತಿತ್ತು.

ಅವರು ಬೈಯಲಿಲ್ಲ. ಸೋಮವಾರ ನಾಲ್ಕು ಗಂಟೆಗೆ ಮಂತ್ರಿಗಳ ಕೋಣೆಗೆ ಬರಬೇಕೆಂದು ಹೇಳಿ ಹೋದರು. ಆ ವಾರ ನನ್ನ ನೌಕರಿ ಕಾಯಂ ಮಾಡುವ ಕಡತ ಅವರ ಮೇಜಿನ ಮೇಲೇ ಇತ್ತು. ಸೋಮವಾರದ ತನಕ ನಾನು ಯಾರ ದನಿಯನ್ನೂ ತೆಗೆಯಲಿಲ್ಲ.

ವಿಷಯ ಮರುದಿನ ತಿಳಿಯಿತು. ವಿಧಾನಸಭೆಯಲ್ಲಿ ಪ್ರತಿ ಖಾತೆಗೂ ಪ್ರಶ್ನೆಗಳ ದಿನ ಗೊತ್ತಾಗಿರುತ್ತದೆ. ಸದಸ್ಯರು ಮೊದಲೇ ಬರೆದು ಕಳಿಸಿದ ಪ್ರಶ್ನೆಗೆ ನಾವು ಉತ್ತರ ಬರೆದು ಕೊಡುತ್ತೇವೆ, ಮಂತ್ರಿಗಳು ಓದುತ್ತಾರೆ. ಅಷ್ಟರ ಮಟ್ಟಿಗೆ ಸಲೀಸು. ಅದು ಮುಗಿದ ಕೂಡಲೇ ಸದಸ್ಯರು ಎದ್ದುನಿಂತು ಬಾಯಿಂದ ಉಪಪ್ರಶ್ನೆ ಕೇಳುತ್ತಾರೆ. ಅದು ಎಲ್ಲಿಂದ ಬರುತ್ತದೋ ದೇವರಿಗೇ ಗೊತ್ತು. ನಮ್ಮ ಮಂತ್ರಿಗಳು ಹೊಸಬರು. ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು: ಪ್ರಶ್ನೆಯ ದಿನಕ್ಕೆ ಮುಂಚೆ ಅಧಿಕಾರಿಗಳನ್ನು ಕೂರಿಸಿಕೊಂಡು, ಬರಬಹುದಾದ ಉಪಪ್ರಶ್ನೆಗಳನ್ನು ಅವರಿಂದ ಕೇಳಿಸಿ, ಉತ್ತರ ರೂಢಿ ಮಾಡಿಕೊಳ್ಳುವುದು. ಆದರೆ ಅಧಿಕಾರಿಗಳು ಕೇಳುತ್ತಿದ್ದುದು ಹೇಗೆ? "ಮಾನ್ಯ ಮಂತ್ರಿಗಳು ದಯವಿಟ್ಟು ತಿಳಿಸುವ ಕೃಪೆ ಮಾಡುವರೇ" ಎಂದು, ಲಗ್ನಪತ್ರಿಕೆ ಓದಿದ ಹಾಗೆ. "ಒಳಗೆ ಯಾರೂ ಹೀಗೆ ಕೇಳುವುದಿಲ್ಲ. ನನಗೆ ನಿಜವಾದ ಸದಸ್ಯ ಬೇಕು" ಎಂದಿದ್ದರಂತೆ ಮಂತ್ರಿಗಳು. ಅಂಡರ್ ಸೆಕ್ರೆಟರಿಯವರಿಗೆ ಕಾರಿಡಾರಿನಲ್ಲಿ ನಾನು ಸಿಕ್ಕಿದೆ.

ನನಗೆ ವಹಿಸಿದ ಪಾತ್ರ ಬಿಜಾಪುರ ಜಿಲ್ಲೆಯ, ಹತ್ತಿ ವ್ಯಾಪಾರ ಮಾಡಿ ಬಂದ ಒಬ್ಬ ಹಿರಿಯ ಸದಸ್ಯರದು. ಅವರ ಪ್ರಶ್ನೆ ಮುಂದಿನ ಗುರುವಾರದ ಪಟ್ಟಿಯಲ್ಲಿತ್ತು. ಅಭ್ಯಾಸಕ್ಕೆಂದು ಸೋಮವಾರಕ್ಕೆ ಮುಂಚಿನ ಶುಕ್ರವಾರ, ವಿಧಾನಸಭೆ ಸೇರುತ್ತಿದ್ದ ಕೌನ್ಸಿಲ್ ಹಾಲಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತು ಅವರನ್ನೇ ನೋಡಿದೆ. ಏಳುವ ಮೊದಲು ರುಮಾಲು ಮುಟ್ಟಿ ನೋಡಿಕೊಳ್ಳುತ್ತಾರೆ, ಅದು ಹೋಗಿಬಿಟ್ಟಿದೆಯೋ ಎಂಬಂತೆ. ಎದ್ದ ಮೇಲೆ ಫ್ಯಾನಿನ ಕಡೆ ಒಂದು ನೋಟ. ಸಣ್ಣ ಕೆಮ್ಮು. ಪ್ರಶ್ನೆ ಒಮ್ಮೆ ಬಿಜಾಪುರದ ಹಿಂದಿಯಲ್ಲಿ, ಒಮ್ಮೆ ಕನ್ನಡದಲ್ಲಿ. ಅದೂ ನಾಲ್ಕೇ ಮಾತು. ಉಳಿದವರು ಪ್ರಶ್ನೆ ಕೇಳುವಾಗ ಭಾಷಣ ಮಾಡುತ್ತಿದ್ದರು. ಇವರು ಬಾಣಲೆಗೆ ಬಜ್ಜಿ ಬಿಟ್ಟ ಹಾಗೆ ಬಿಟ್ಟು ಕೂತುಬಿಡುತ್ತಿದ್ದರು. ಎದುರಿನವರೇ ಬೇಯಬೇಕು.

ಅವರ ಪ್ರಶ್ನೆ ಹೀಗಿತ್ತು. ತಮ್ಮ ಊರಿಗೆ ಮಂಜೂರಾದ ಡೀಸೆಲ್ ವಿದ್ಯುತ್ ಯಂತ್ರ ಏಕೆ ಇನ್ನೂ ಬಂದಿಲ್ಲ? ಹತ್ತಿಯ ಸುಗ್ಗಿಗೆ ಮುಂಚೆ ಕರೆಂಟು ಬಾರದಿದ್ದರೆ, ಊರಿನಲ್ಲಿ ಹತ್ತಿಕಾಳಿನ ಎಣ್ಣೆ ಗಿರಣಿ ಕಟ್ಟಲು ಹೊರಟ ವರ್ತಕರು ಗಿರಣಿಯನ್ನು ಬೇರೆ ಊರಿಗೆ ಒಯ್ಯಲಿದ್ದಾರೆಂಬುದು ಸರ್ಕಾರಕ್ಕೆ ತಿಳಿದಿದೆಯೇ? ನಮ್ಮ ಖಾತೆ ಸಿದ್ಧಪಡಿಸಿದ ಉತ್ತರ: "ಯಂತ್ರವು ರೈಲು ಮಾರ್ಗದಲ್ಲಿದೆ. ವ್ಯಾಗನ್ನುಗಳ ವಿಷಯ ಕೇಂದ್ರ ಸರ್ಕಾರಕ್ಕೆ ಸೇರಿದ್ದು." ಚೊಕ್ಕವಾದ ಉತ್ತರ. ಕರೆಂಟು ಮುಂಬಯಿಯದು, ರೈಲು ದಿಲ್ಲಿಯದು, ಕತ್ತಲೆ ಮಾತ್ರ ಆ ಊರಿನದು.

ಸೋಮವಾರ ಮಂತ್ರಿಗಳ ಕೋಣೆಯಲ್ಲಿ ಅವರು ಉತ್ತರ ಓದಿ ಮುಗಿಸಿದರು. ನಾನು ಕುರ್ಚಿಯಿಂದ ಎದ್ದೆ. ಇಲ್ಲದ ರುಮಾಲು ಮುಟ್ಟಿಕೊಂಡೆ. ಫ್ಯಾನು ನೋಡಿದೆ. ಕೆಮ್ಮಿದೆ. ನಾನು ಬರೆದುಕೊಂಡು ಹೋಗಿದ್ದ ಉಪಪ್ರಶ್ನೆಗಳು ಬೇರೆಯೇ ಇದ್ದವು, ದೊಡ್ಡ ದೊಡ್ಡವು. ಆದರೆ ಆ ಕೆಮ್ಮು ಕೆಮ್ಮಿದ ಮೇಲೆ ಆ ಬಾಯಿಂದ ಅಂಥ ಮಾತು ಬರುವುದು ಸಾಧ್ಯವೇ ಇರಲಿಲ್ಲ.

"ಸಾಹೇಬ್ರ, ಆ ಮಿಶಿನ್ನು ಈಗ ಎಲ್ಲೈತ್ರಿ?" ಎಂದು ಕೇಳಿ ಕೂತುಬಿಟ್ಟೆ.

ಮಂತ್ರಿಗಳು ಅಂಡರ್ ಸೆಕ್ರೆಟರಿಯವರನ್ನು ನೋಡಿದರು. ಅವರು ಸೂಪರಿಂಟೆಂಡೆಂಟರನ್ನು ನೋಡಿದರು. ಸೂಪರಿಂಟೆಂಡೆಂಟರು ಕಡತ ತಿರುವಿದರು. ವ್ಯಾಗನ್ನಿಗೆ ಅರ್ಜಿ ಹಾಕಿದ್ದಕ್ಕೆ ಕಾಗದವಿತ್ತು, ವ್ಯಾಗನ್ ಮಂಜೂರಾದದ್ದಕ್ಕೆ ಕಾಗದವಿತ್ತು. ಯಂತ್ರ ಹೊರಟಿದ್ದಕ್ಕೆ ಇರಲಿಲ್ಲ. ವ್ಯಾಗನ್ ಸಿಕ್ಕ ಮೇಲೆ ಹೊರಟೇ ಇರಬೇಕು ಎಂದು ಯಾರೋ ಬರೆದಿದ್ದರು, ಇನ್ನೊಬ್ಬರು "ಇರಬೇಕು" ತೆಗೆದಿದ್ದರು.

"ಇವನೇ ಹೋಗಿ ಹುಡುಕಲಿ" ಎಂದರು ಮಂತ್ರಿಗಳು, ನನ್ನ ಕಡೆ ಬೆರಳು ತೋರಿಸಿ. "ಕೇಳಿದವನೇ ನೋಡಿಕೊಂಡು ಬರಲಿ. ಬುಧವಾರ ಹನ್ನೊಂದಕ್ಕೆ ಮತ್ತೆ ಕೂರೋಣ."

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಅದುವರೆಗೆ ಯಂತ್ರವೆಂದರೆ ನನಗೆ ಕಡತದ ಬೆನ್ನಿನ ಮೇಲಿನ ಒಂದು ನಂಬರು. ಅಷ್ಟು ದೊಡ್ಡ ಕಬ್ಬಿಣ ಕಳೆದುಹೋಗುವುದು ಹೇಗೆ ಎಂಬ ಕುತೂಹಲದಲ್ಲಿ ಮಂಗಳವಾರ ಬೆಳಿಗ್ಗೆಯೇ ಗೂಡ್ಸ್ ಡಿಪೋಗೆ ಹೋದೆ. ಅಲ್ಲಿನ ಬುಕ್ಕಿಂಗ್ ಬಾಬು ರಿಜಿಸ್ಟರ್ ತೆಗೆದು ನನ್ನ ಮುಂದೆ ತಿರುಗಿಸಿಟ್ಟ.

"ನೋಡಿ, ವ್ಯಾಗನ್ ಬಂದಿದೆ. ಒಮ್ಮೆಯಲ್ಲ, ಎರಡು ಸಲ. ಮಾಲು ಎಲ್ಲಿ? ಬರಾತ್ ನಿಂತಿದೆ, ದುಲ್ಹಾ ಗಾಯಬ್, ಮದುಮಗನೇ ಇಲ್ಲದ ದಿಬ್ಬಣ. ಖಾಲಿ ವ್ಯಾಗನ್ ನಿಲ್ಲಿಸಿಕೊಂಡು ನಾನು ಭಜನೆ ಮಾಡಲೇ?" ಎಂದ ಹಿಂದಿಯಲ್ಲಿ.

ಹಾಗಾದರೆ ಯಂತ್ರ ಮುಂಬಯಿಯಿಂದ ಹೊರಟೇ ಇಲ್ಲ. ಅದು ಹೊಸದಲ್ಲ, ದೊಡ್ಡ ವಿದ್ಯುತ್ ಲೈನು ಬಂದ ಮೇಲೆ ಬೇರೊಂದು ಊರಿಗೆ ಬೇಡವಾದ ಹಳೆಯ ಸೆಟ್ಟು. ರಿಪೇರಿಗೆಂದು ಬೈಕುಲ್ಲಾದ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದರು. ಟ್ರಾಮ್ ಹಿಡಿದು ಅಲ್ಲಿಗೆ ಹೋದೆ. ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಒಂದು ಇರಾನಿ ಹೋಟೆಲು, ಅದರ ಪಕ್ಕ ತಗಡಿನ ಶೆಡ್ಡು. ಒಳಗೆ, ಕರಿ ನೆಲದ ಮಧ್ಯದಲ್ಲಿ, ಹಸಿರು ಬಣ್ಣ ಹಚ್ಚಿಸಿಕೊಂಡು, ಹಿತ್ತಾಳೆಯ ಭಾಗವೆಲ್ಲ ಫಳಫಳ ಎನ್ನುತ್ತ ಅದು ನಿಂತಿತ್ತು. ಸುತ್ತು ಹಾಕಿದೆ. ಅದರ ದೊಡ್ಡ ಗಾಲಿ ನನ್ನ ಎದೆಯವರೆಗೆ ಬರುತ್ತಿತ್ತು. ಇದು ತಿರುಗಿದರೆ ನೂರು ಹರದಾರಿ ಆಚೆ ದೀಪ ಹತ್ತುತ್ತದೆ, ಗಿರಣಿ ಓಡುತ್ತದೆ ಎಂದರೆ ಕಡತ ನೋಡಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಈಗ ಬಂತು.

ವರ್ಕ್‌ಶಾಪಿನ ಯಜಮಾನರು ವಯಸ್ಸಾದ ಪಾರ್ಸಿ. ನಾನು ಯಾವ ಖಾತೆಯವನೆಂದು ಹೇಳಿದ್ದೇ ತಡ, ಎರಡೂ ಕೈ ಎತ್ತಿದರು.

"ಕೊನೆಗೂ ಬಂದಿರಾ! ಆರು ವಾರ ಆಯಿತು ಬರೆದು. ನನ್ನ ಮದುವಣಗಿತ್ತಿಯನ್ನು ನೋಡಲು ಒಬ್ಬರೂ ಬರಲಿಲ್ಲ."

ಮದುವಣಗಿತ್ತಿ.

ಆ ಕಾಗದ ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ನಿದ್ದೆಯಲ್ಲೂ ಹೇಳುತ್ತಿದ್ದೆ. "ತಮ್ಮ ಯಂತ್ರವು ಸರ್ವಾಲಂಕಾರಭೂಷಿತಳಾದ ಮದುವಣಗಿತ್ತಿಯಂತೆ ನಮ್ಮ ಬಡ ಛಾವಣಿಯ ಕೆಳಗೆ ನಿಂತಿದ್ದು, ವರನ ಕಡೆಯವರ ಹಾದಿ ಕಾಯುತ್ತ ದಿನದಿನಕ್ಕೂ ಕೃಶಳಾಗದೆ ಪುಷ್ಟಳಾಗಿಯೇ ಇರುತ್ತಾಳೆ..." ಹೀಗೆ ಇಂಗ್ಲಿಷಿನಲ್ಲಿ ಒಂದು ಪುಟ. ಅಂಥ ಕಾಗದ ನಮ್ಮ ವಿಭಾಗಕ್ಕೆ ಹಿಂದೆ ಬಂದಿರಲಿಲ್ಲ; ಯಾವ ಊರಿನ ಯಂತ್ರವೆಂಬುದು ಮಾತ್ರ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಆವಕದಲ್ಲಿ ನಂಬರು ಹಾಕಿದೆ. ಕಡತಕ್ಕೆ ಸೇರಿಸುವ ಮೊದಲು ಚಹದ ಹೊತ್ತಿಗೆ ಒಮ್ಮೆ ಓದಿ ತೋರಿಸೋಣವೆಂದು ಡ್ರಾಯರಿನಲ್ಲಿಟ್ಟೆ. ಬಿದ್ದು ಬಿದ್ದು ನಕ್ಕರು. ಮರುದಿನ ಪಕ್ಕದ ವಿಭಾಗದವರು ಕೇಳಿದರು. ಆಮೇಲೆ ಅದು ನನ್ನ ಜೊತೆ ನಾನಿದ್ದ ಘಾಟ್ಕೋಪರಿನ ಚಾಳಿಗೂ ಹೋಯಿತು; ಅಲ್ಲಿ ಗಣೇಶೋತ್ಸವದ ಸ್ಟೇಜಿನ ಮೇಲೆ ಅದರದೇ ಹದಿನೈದು ನಿಮಿಷ. ಕನ್ನಡಕ್ಕೆ ತಿರುಗಿಸಿ, ತಲೆಗೊಂದು ಪಾರ್ಸಿಗಳ ಕಪ್ಪು ಟೋಪಿ ಇಟ್ಟು ಓದಿದ್ದೆ.

"ಲೋಡ್ ಟೆಸ್ಟ್ ನಿಮ್ಮ ಇಂಜಿನಿಯರರ ಎದುರೇ ಆಗಬೇಕು. ಅವರ ಸಹಿ ಇಲ್ಲದೆ ನಾನು ಒಂದು ಬೋಲ್ಟನ್ನೂ ಹೊರಗೆ ಬಿಡುವ ಹಾಗಿಲ್ಲ. ಅದನ್ನೇ ಬರೆದಿದ್ದೆನಲ್ಲ, ಕೊನೆಯಲ್ಲಿ" ಎಂದರು ಯಜಮಾನರು.

ಬರೆದಿದ್ದರು. ಕೊನೆಯ ಎರಡು ಸಾಲು. ಹದಿನೈದು ದಿನದೊಳಗೆ ಪರೀಕ್ಷೆಗೆ ಇಂಜಿನಿಯರರನ್ನು ಕಳಿಸಬೇಕೆಂದು ಕೋರಿಕೆ. ಅದನ್ನು ಓದಿದರೆ ನಗು ಇಳಿಯುತ್ತಿತ್ತು. ಅದಕ್ಕೇ ಎರಡನೆಯ ಪ್ರದರ್ಶನದಿಂದಲೇ ಆ ಎರಡು ಸಾಲು ಬಿಟ್ಟುಬಿಟ್ಟಿದ್ದೆ.

ಯಜಮಾನರು ಪಕ್ಕದ ಹೋಟೆಲಿನಿಂದ ಚಹಾ ಮತ್ತು ಬನ್ ತರಿಸಿದರು. ಬನ್ ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ಮನೆಗೆ ಹೋಗಿ ಬಿಸ್ಕೀಟಿನ ಡಬ್ಬಿ ತೆಗೆದೆ. ಅದರಲ್ಲಿ ನನ್ನ ಐಟಂಗಳ ಸಾಮಾನು ಇರುತ್ತಿತ್ತು. ಟೋಪಿಯ ಕೆಳಗೆ ಕಾಗದ. ನಾಲ್ಕು ಮೂಲೆಯಲ್ಲಿ ಟಾಚಣಿ ಪಿನ್ನು ಚುಚ್ಚಿದ ತೂತು, ಮಧ್ಯದಲ್ಲಿ ಚಹದ ಕಲೆ, ಮೇಲೆ ನನ್ನದೇ ಕೈಯ ಆವಕ ನಂಬರು. ನಾನು ಅಕ್ಕ-ಭಾವನ ಮನೆಯಲ್ಲಿದ್ದೆ. ಅಕ್ಕ ಒಲೆಯ ಮುಂದಿನಿಂದಲೇ ಕೇಳಿದಳು:

"ಇವತ್ತೂ ಅದನ್ನ ಓದಾಂವೇನು? ಸಾಕು ಮಾಡೋ ಮಾರಾಯಾ, ನಕ್ಕು ನಕ್ಕು ಪಕ್ಕಡಿ ನೋಯತಾವ."

ನಾನು ಕೊನೆಯ ಎರಡು ಸಾಲು ಓದಿ ಅರ್ಥ ಹೇಳಿದೆ. ಅಕ್ಕ ಸವಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

"ಇದೂ ಇತ್ತೇನು ಅದರಾಗ? ನಮಗ ಒಮ್ಮೆನೂ ಓದಲಿಲ್ಲಲ್ಲೋ ನೀ."

"ಇದಕ್ಕ ಯಾರೂ ನಗೂದಿಲ್ಲ."

"ನಗಲಿಕ್ಕೆ ಬರದಾನೇನು ಅಂವ ಪಾಪ?" ಎಂದು ಒಳಗೆ ಹೋದಳು.

ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಉಪಾಯ ಆಗಲೇ ಹೊಕ್ಕಿತ್ತು. ಮುಚ್ಚಿಟ್ಟು ಏನು ಪ್ರಯೋಜನ, ಬರೆದೇಬಿಡುತ್ತೇನೆ. ಸೂಪರಿಂಟೆಂಡೆಂಟರ ಮೇಜಿನ ಎಡಕ್ಕೆ "ನಂತರ ನೋಡುವುದು" ಎಂಬ ಕಟ್ಟು ಇತ್ತು, ಮೊಣಕಾಲೆತ್ತರ. ಬೆಳಿಗ್ಗೆ ಬೇಗ ಹೋಗಿ ಅದರ ನಡುವೆ ಕಾಗದ ತೂರಿಸಿದರೆ, ಅದು ಅಲ್ಲೇ ಆರು ವಾರದಿಂದ ಇತ್ತೆಂದು ಅವರೇ ನಂಬುತ್ತಿದ್ದರು. ಪಾಪದ ಮನುಷ್ಯ, ತಪ್ಪು ತನ್ನದೇ ಎಂದು ನಶ್ಯದ ಡಬ್ಬಿ ಹಿಡಿದುಕೊಂಡು ಮಂತ್ರಿಗಳ ಮುಂದೆ ನಿಲ್ಲುತ್ತಿದ್ದರು. ಬುಧವಾರ ಒಂಬತ್ತು ಗಂಟೆಗೇ ಕಚೇರಿಗೆ ಹೋದೆ. ಕಟ್ಟಿನ ಮುಂದೆ ನಿಂತೆ. ಅವರು ನಿಲ್ಲುವ ಭಂಗಿ, ಹೇಳುವ ಮಾತು, ದನಿ ನಡುಗುವ ಜಾಗ ಎಲ್ಲ ನನ್ನ ಗಂಟಲಿಗೆ ತಾನಾಗಿ ಬಂತು. ಅಷ್ಟು ಸ್ಪಷ್ಟವಾಗಿ ಕೇಳಿಸಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೆ.

ಹನ್ನೊಂದಕ್ಕೆ ಮಂತ್ರಿಗಳ ಕೋಣೆ. ಯಂತ್ರ ಬೈಕುಲ್ಲಾದಲ್ಲೇ ಇದೆಯೆಂದೂ ಪರೀಕ್ಷೆಯಾಗಿಲ್ಲವೆಂದೂ ಹೇಳಿದೆ.

"ಪರೀಕ್ಷೆಗೆ ಕರೆಯಲಿಲ್ಲವೇ ಅವರು?" ಎಂದರು ಮಂತ್ರಿಗಳು.

ನಾನು ಬಾಯಿ ತೆರೆದೆ. ಬಂದದ್ದು ಬಿಜಾಪುರದ ಸದಸ್ಯರ ದನಿ. "ಕರದಾರ್ರೀ ಸಾಹೇಬ್ರ. ಕಾಗದ ಬಂದೈತಿ. ಅದು ಯಾರ ಹಂತ್ಯಾಕ ಐತಿ ಅಂದ್ರ..."

"ಈಗ ಆಟ ಬೇಡ. ನಿಮ್ಮ ದನಿಯಲ್ಲಿ ಹೇಳಿ" ಎಂದರು ಮಂತ್ರಿಗಳು.

ನನ್ನ ದನಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಾಗ ಅದು ನಾನು ಸ್ಟೇಜಿನಲ್ಲಿ ಆಡುವ ಧಾರವಾಡದ ಹುಡುಗನ ದನಿಗಿಂತ ಸಣ್ಣದಾಗಿತ್ತು. ಕಾಗದವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಟೋಪಿಯ ವಿಷಯವನ್ನೂ. ಅದನ್ನು ಬಿಡಬಹುದಿತ್ತು, ಆದರೆ ಬಿಡುವ ಅಭ್ಯಾಸದಿಂದಲೇ ಇಷ್ಟೆಲ್ಲ ಆಗಿತ್ತು.

ಸೂಪರಿಂಟೆಂಡೆಂಟರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಮಾರಾಯಾ, ಆ ಕಾಗದಕ್ಕೆ ನಾನೂ ನಕ್ಕಿದ್ದೇನಲ್ಲ" ಎಂದರು. "ಎರಡು ಸಲ ನಕ್ಕಿದ್ದೇನೆ. ನನಗೂ ಹೊಳೆಯಲಿಲ್ಲ."

ಮಂತ್ರಿಗಳು ಕಾಗದ ಓದಿದರು. ಮೀಸೆಯ ಕೆಳಗೆ ಏನೋ ಅಲುಗಿದಂತಾಯಿತು, ಕೊನೆಯ ಸಾಲಿಗೆ ಬಂದಾಗ ನಿಂತಿತು.

ಆಗ ಅಂಡರ್ ಸೆಕ್ರೆಟರಿಯವರು ತಮ್ಮ ಜಾಣ್ಮೆ ತೋರಿಸಿದರು. "ಇಂದೇ ಇಂಜಿನಿಯರರನ್ನು ಕಳಿಸೋಣ. ರಾತ್ರಿಯೊಳಗೆ ಯಂತ್ರ ವ್ಯಾಗನ್ ಹತ್ತಿದರೆ ನಾಳೆ ಹನ್ನೆರಡಕ್ಕೆ ಪ್ರಶ್ನೆ ಬಂದಾಗ ಅದು ರೈಲು ಮಾರ್ಗದಲ್ಲೇ ಇರುತ್ತದೆ. ಉತ್ತರದ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ಸುಳ್ಳೂ ಆಗುವುದಿಲ್ಲ."

ಕೋಣೆಯಲ್ಲಿ ಎಲ್ಲರ ಮುಖ ಬಿಚ್ಚಿಕೊಂಡಿತು, ನನ್ನದು ಎಲ್ಲರಿಗಿಂತ ಹೆಚ್ಚು. ಮಂತ್ರಿಗಳು ಮಾತ್ರ ನನ್ನ ಕಡೆ ತಿರುಗಿದರು. "ಈಗ ಆಟ ಬೇಕು. ನಾನು ಇದನ್ನು ಓದಿದೆ ಎಂದುಕೊಳ್ಳಿ. ಅವರು ಏನು ಕೇಳುತ್ತಾರೆ?"

ಎದ್ದೆ. ರುಮಾಲು, ಫ್ಯಾನು, ಕೆಮ್ಮು.

"ಕಬ್ ಸೇ?"

ಯಾವಾಗಿನಿಂದ? ಅಷ್ಟೇ. ಕೂತುಬಿಟ್ಟೆ. ಮಂತ್ರಿಗಳು ಹಳೆಯ ಉತ್ತರದ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, "ಹೊಸದಾಗಿ ಬರೆಯಿರಿ. ನಡೆದದ್ದನ್ನು ಬರೆಯಿರಿ" ಎಂದರು.

ಮಧ್ಯಾಹ್ನ ಇಂಜಿನಿಯರರ ಜೊತೆ ನಾನೂ ಬೈಕುಲ್ಲಾಕ್ಕೆ ಹೋದೆ. ಯಂತ್ರ ಹುಟ್ಟಿಸುವ ಕರೆಂಟನ್ನು ಊರಿಲ್ಲದ ಕಡೆ ಎಲ್ಲಿಗೆ ಕೊಡುತ್ತಾರೆ ಎಂಬುದು ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ. ಕೊಡುವುದು ಉಪ್ಪುನೀರಿಗೆ! ದೊಡ್ಡ ಪೀಪಾಯಿಗಳಲ್ಲಿ ಉಪ್ಪು ಕದಡಿ, ಕಬ್ಬಿಣದ ತಗಡುಗಳನ್ನು ಹಗ್ಗದಿಂದ ಇಳಿಬಿಡುತ್ತಾರೆ. ತಗಡು ಕೆಳಗಿಳಿದಷ್ಟೂ ಯಂತ್ರದ ಮೇಲೆ ಭಾರ. ಯಜಮಾನರು ಇಂಚಿಂಚಾಗಿ ಹಗ್ಗ ಬಿಟ್ಟರು. ಎಂಜಿನ್ನಿನ ಸದ್ದು ದಪ್ಪವಾಗುತ್ತ ಬಂತು, ಪೀಪಾಯಿಯ ನೀರು ಕುದಿಯತೊಡಗಿತು. ಇಂಜಿನಿಯರರು ಮೀಟರು ನೋಡುತ್ತ ನಾಲ್ಕು ತಾಸು ನಿಂತು ಸಹಿ ಹಾಕಿದರು. ಒಂದು ಊರಿನ ಬೆಳಕೆಲ್ಲ ಹಬೆಯಾಗಿ ತಗಡಿನ ಸಂದಿಯಿಂದ ಹೊರಗೆ ಹೋದದ್ದನ್ನು ನಾನು ನೋಡಿದ್ದೇನೆ.

ಯಜಮಾನರಿಗೆ ಕಾಗದದ ಕಥೆ ಹೇಳಿ ಕ್ಷಮೆ ಕೇಳಿದೆ. ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ನಕ್ಕರೇ?" ಎಂದು ಕೇಳಿದರು.

"ತುಂಬ."

"ನಗಲೆಂದೇ ಬರೆದದ್ದು, ದೀಕ್ರಾ, ಮಗೂ. ನೆಟ್ಟಗೆ ಬರೆದ ಕಾಗದಗಳಿಗೆ ನಿಮ್ಮವರು ಯಾವತ್ತು ಉತ್ತರ ಕೊಟ್ಟಿದ್ದಾರೆ?" ಎಂದರು.

ಗುರುವಾರ ಗ್ಯಾಲರಿಯಲ್ಲಿ ಅಂಡರ್ ಸೆಕ್ರೆಟರಿಯವರ ಹಿಂದೆ ಕೂತಿದ್ದೆ. ಮಂತ್ರಿಗಳು ಓದಿದರು: ಪರೀಕ್ಷೆಗೆ ಕೋರಿದ ಪತ್ರ ತಮ್ಮ ಖಾತೆಯಲ್ಲೇ ಆರು ವಾರ ಕಡತ ಸೇರದೆ ಉಳಿದಿತ್ತು; ಹೊಣೆ ತಮ್ಮದು; ನಿನ್ನೆ ಪರೀಕ್ಷೆ ಮುಗಿದಿದ್ದು ಯಂತ್ರವನ್ನು ಇಂದು ವ್ಯಾಗನ್ನಿಗೆ ಏರಿಸಲಾಗುತ್ತಿದೆ. ಸಭೆಯಲ್ಲಿ ಗುಜುಗುಜು. ಯಾರ ಕೈಯಲ್ಲಿ ಉಳಿಯಿತು, ಅವನ ಮೇಲೆ ಏನು ಕ್ರಮ ಎಂಬ ಉಪಪ್ರಶ್ನೆಗಳಿಗೆ ನಾವು ತಯಾರಾಗಿದ್ದೆವು. ನಾನೇ ಅವನ್ನು ಹತ್ತು ಸಲ ಕೇಳಿ ರೂಢಿ ಮಾಡಿಸಿದ್ದೆ.

ಸದಸ್ಯರು ಎದ್ದರು. ರುಮಾಲು ಮುಟ್ಟಿದರು. ಫ್ಯಾನು ನೋಡಿದರು. ನನಗೇ ಕೆಮ್ಮು ಬಂತು.

"ನಡುವ ಜಂಕ್ಷನ್ನಿನಾಗ ದೊಡ್ಡ ಗೇಜಿನ ಗಾಡಿಯಿಂದ ಸಣ್ಣ ಗೇಜಿನ ಗಾಡಿಗೆ ಹಾಕಬೇಕಲ್ರೀ. ಅಲ್ಲಿ ಅದನ್ನ ಎತ್ತು ಕ್ರೇನ್ ಐತೇನ್ರಿ?"

ಮಂತ್ರಿಗಳು ಗ್ಯಾಲರಿಯತ್ತ ನೋಡಿದರು. ಅಂಡರ್ ಸೆಕ್ರೆಟರಿಯವರು ಹಿಂದೆ ತಿರುಗಿ ನನ್ನನ್ನು ನೋಡಿದರು. ನನ್ನ ಹಿಂದೆ ಗೋಡೆ. ಸದಸ್ಯರ ಕೆಮ್ಮು, ಅವರ ನೋಟ, ಅವರ ಪದ ಎಲ್ಲ ನನ್ನ ಬಳಿ ಇದ್ದವು. ಆ ಜಂಕ್ಷನ್ನಿನ ಬಿಸಿಲಿನಲ್ಲಿ ಹತ್ತಿಯ ಅಂಡಿಗೆಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊರಿಸಿದ ಅವರ ವರ್ಷಗಳು ಮಾತ್ರ ಇರಲಿಲ್ಲ. "ವಿಚಾರಿಸಿ ತಿಳಿಸುತ್ತೇನೆ" ಎಂದರು ಮಂತ್ರಿಗಳು. ಅಲ್ಲಿ ಕ್ರೇನು ಇರಲಿಲ್ಲ. ಅಂದು ಸಂಜೆಯೇ ರೈಲಿನವರಿಗೆ ಬರೆದು ಬೇರೆ ಸ್ಟೇಶನ್ನಿನಿಂದ ತರಿಸಲು ಏರ್ಪಾಟಾಯಿತು. ಆ ಕಾಗದವನ್ನು ಹೊರಹೋಗುವ ಜಾವಕ ರಿಜಿಸ್ಟರಿಗೆ ಹಾಕಿದವನು ನಾನೇ, ಕಡತ ಸೇರಿದ್ದನ್ನೂ ಕಣ್ಣಾರೆ ನೋಡಿದೆ.

ನನ್ನ ಕಾಯಂ ಒಂದು ವರ್ಷ ಮುಂದಕ್ಕೆ ಹೋಯಿತು. "ಕೆಲಸದಿಂದ ತೆಗೆಯಬಹುದಿತ್ತು. ಆದರೆ ಮಂತ್ರಿಗಳಿಗೆ ಸದಸ್ಯ ಬೇಕಂತೆ" ಎಂದರು ಅಂಡರ್ ಸೆಕ್ರೆಟರಿಯವರು. ಹೇಳುವಾಗ ಅವರು ಕನ್ನಡಕ ಒರೆಸುವ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ಇಲ್ಲ, ಅದು ಬೇಡ.

ಮುಂದಿನ ಅಧಿವೇಶನಕ್ಕೆ ಅದೇ ಸದಸ್ಯರ ಹೊಸ ಪ್ರಶ್ನೆ ಬಂತು. ಸೂಪರಿಂಟೆಂಡೆಂಟರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ನಶ್ಯ ಏರಿಸಿಕೊಂಡು ಅಲ್ಲೇ ನಿಂತರು. ಓದಿದೆ:

"(ಅ) ನಮ್ಮ ಊರಿಗೆ ಬಂದ ಯಂತ್ರವು ಎಣ್ಣೆ ಗಿರಣಿ ಶುರುವಾದ ಮೇಲೆ ಸಾಲದೆ ಬರುತ್ತಿದೆ ಎಂಬುದು ಸರ್ಕಾರಕ್ಕೆ ತಿಳಿದಿದೆಯೇ? (ಆ) ಎರಡನೆಯ ಯಂತ್ರಕ್ಕಾಗಿ ನಾವು ಕಳಿಸಿದ ಅರ್ಜಿ ಈಗ ಯಾರ ಡ್ರಾಯರಿನಲ್ಲಿದೆ?"

ಅರ್ಜಿ ಕಡತದಲ್ಲೇ ಇತ್ತು, ನಾನೇ ಸೇರಿಸಿದ್ದೆ, ಪುಟದ ನಂಬರೂ ನೆನಪಿತ್ತು. ಆದರೂ ಉತ್ತರ ಬರೆಯುವ ಮೊದಲು ಡ್ರಾಯರ್ ಎಳೆದು ನೋಡಿದೆ.